ಹತ್ತು ಲಕ್ಷದಲ್ಲಿ ಇಪ್ಪತ್ತು

ಮೊದಲ ಕಿಡಿ ಸಿಕ್ಕಿದ್ದು ಜೆ.ಸಿ. ರಸ್ತೆಯಲ್ಲಿ.
ಬಿಡಿಭಾಗದಂಗಡಿಯ ಇಲಿಯಾಸ್ ಸಾಬರು
ಕನ್ನಡಕ ಹಣೆಗೇರಿಸಿ ಕೇಳಿದರು: ಯಾವ ಗಾಡಿಗೆ?
ಗಾಡಿಗಲ್ಲ, ಕೂಸಿಗೆ, ಅಂದೆ.
ಅವರು ನಗಲಿಲ್ಲ. ಒಳಗಿನ ಖಾನೆಯಿಂದ
ಇರಿಡಿಯಂ ಮೂತಿಯ ಸ್ಪಾರ್ಕ್ ಪ್ಲಗ್ ತೆಗೆದು
ಹಾಗಿದ್ರೆ ಇದು ತಗೊಳ್ಳಿ, ಬೇಗ ಸವೆಯೋಲ್ಲ, ಅಂದರು.
ಚೌಕಾಸಿಗೆ ಬಾಯಿ ಬರಲಿಲ್ಲ.

ಆರು ವರ್ಷದ ಹಿಂದಿನ ಮಾತು.

ಗಾಳಿಯಲ್ಲಿ ಬೇಕಾದದ್ದೆಲ್ಲ ಇದೆ.
ಸಾರಜನಕ, ಆಮ್ಲಜನಕ:
ಒಂದೇ ವಠಾರದಲ್ಲಿದ್ದೂ ಮಾತುಬಿಟ್ಟ ಎರಡು ಮನೆ.
ಸಿಡಿಲು ಬಂದಾಗಷ್ಟೇ ಇಬ್ಬರೂ ಹೊಸ್ತಿಲಿಗೆ ಬರುತ್ತಾರೆ.
ಶೂ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ
ಆ ಸಿಡಿಲನ್ನೇ ಕೂರಿಸಿದೆವು,
ಕಡ್ಡಿ ಗೀರಿದಷ್ಟು ಸಣ್ಣದು ಮಾಡಿ.

ಹುಟ್ಟಿತು ನೈಟ್ರಿಕ್ ಆಕ್ಸೈಡ್.
ಶ್ವಾಸಕೋಶದ ಮುಷ್ಟಿಗಟ್ಟಿದ ನಾಳಕ್ಕೆ
ಬಿಡಪ್ಪ, ಸಡಿಲ ಬಿಡು, ಎಂದಷ್ಟೇ ಹೇಳಿ
ರಕ್ತದಲ್ಲಿ ಕರಗಿಹೋಗುವ ಅನಿಲ.
ಆದರೆ ಆಮ್ಲಜನಕದ ಸಹವಾಸ ತುಸು ಹೆಚ್ಚಾದರೆ
ಅದೇ ಕಂದು ಬಣ್ಣಕ್ಕೆ ತಿರುಗುತ್ತದೆ:
ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಘಾಟು,
ಒದ್ದೆ ಜಾಗ ಸಿಕ್ಕಲ್ಲಿ ಆಸಿಡ್ಡಾಗಿ ಸುಡುವಂಥದು.
ಕಿಡಿ ಒಂದು ಮಧ್ಯಾಹ್ನದ ಕೆಲಸ.
ಆರು ವರ್ಷ ತಿಂದದ್ದು
ಆ ಕಂದನ್ನು ಬಾಗಿಲಾಚೆ ನಿಲ್ಲಿಸುವ ಕೆಲಸ.

ಕೊನೆಗೆ ಕೈ ಹಿಡಿದದ್ದು ಸುಣ್ಣ.
ಕಾಳುಕಾಳಾಗಿ ಕೊಳವೆಯಲ್ಲಿ ತುಂಬಿದೆವು.
ಪೀಣ್ಯದಲ್ಲಿ ಆ ಕೊಳವೆ ಕಡೆದುಕೊಟ್ಟ ಓಬಳೇಶ
ಎಲೆ ಮಡಿಸುತ್ತ ಹೇಳಿದ್ದ:
ಹೆಚ್ಚಾದ್ರೆ ಬಾಯಿ ಸುಡುತ್ತೆ, ಕಮ್ಮಿಯಾದ್ರೆ ಕೆಂಪಾಗಲ್ಲ,
ನಿಮ್ದೂ ಅದೇ ಲೆಕ್ಕ ತಾನೆ ಮೇಡಂ?
ಅದೇ ಲೆಕ್ಕ.
ಕಿಡಿ ತಿಂದು ಉದುರಿಸುವ ಲೋಹದ ಧೂಳಿಗೆ
ಮುಂದೆ ಒಂದು ಜಾಲರಿ.
ಅದರ ಮುಂದೆ ಅಳೆಯುವ ಕಣ್ಣು.
ಕಣ್ಣು ಒಪ್ಪದಿದ್ದರೆ ಪೆಟ್ಟಿಗೆ ತಾನೇ ಬಾಯಿ ಮುಚ್ಚುತ್ತದೆ.

ಮೊನ್ನೆ ರಾತ್ರಿ, ಎರಡೂವರೆ.
ಸಿಲಿಂಡರಿನ ಲಾರಿ ನೆಲಮಂಗಲದಾಚೆ ಎಲ್ಲೋ ನಿಂತಿತ್ತು.
ಪ್ರಯೋಗಕ್ಕೆ ಒಪ್ಪಿಗೆಯ ಕಾಗದ ಹಿಂದಿನ ವಾರವಷ್ಟೇ ಬಂದಿತ್ತು.
ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ಬೇಬಿ ಆಫ್ ಮುನಿರತ್ನಮ್ಮ',
ಹುಟ್ಟಿ ಹತ್ತೊಂಬತ್ತು ಗಂಟೆ, ನೇರಳೆ ಬಣ್ಣದ ತುಟಿ.
ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಅಪ್ಪ
ಸಹಿ ಹಾಕುವ ಮುಂಚೆ ಕೇಳಿದ:
ಇದು ಬರೀ ಗಾಳೀನಾ?
ಹೌದು.
ಈ ರೂಮಿನದ್ದೇನಾ?
ಹೌದು, ಇಲ್ಲಿಯದ್ದೇ.
ಅವನು ಸೀಲಿಂಗು ನೋಡಿದ, ನೆಲ ನೋಡಿದ,
ದುಡ್ಡೆಷ್ಟು ಎಂದು ಕೇಳಲು ಹೊರಟು ನಿಲ್ಲಿಸಿದ.

ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಪ್ಪತ್ತು ಪಾಲು.
ಟಿಕ್ ಟಿಕ್ ಎಂದು ಶುರುವಾಯಿತು,
ಗೋಡೆಯ ಮೇಲಿನ ಹಲ್ಲಿಯಂತೆ.
ಡಾಕ್ಟರು, ಜೆಸಿಂತಾ ಸಿಸ್ಟರ್, ಗಾಜಿನಾಚೆ ಅಪ್ಪ,
ಎಲ್ಲರೂ ನೋಡುತ್ತಿದ್ದದ್ದು ಒಂದೇ ಅಂಕಿ:
ಎಪ್ಪತ್ತೊಂದು. ಎಪ್ಪತ್ತೊಂದು. ಎಪ್ಪತ್ತು.
ನಾನು ನೋಡುತ್ತಿದ್ದದ್ದು ಕೆಳಗಿನ ಸಣ್ಣ ಪರದೆ,
ಕಂದು ವಿಷದ ಅಂಕಿ.
ಸೊನ್ನೆ ಪಾಯಿಂಟ್ ಮೂರು.
ಸೊನ್ನೆ ಪಾಯಿಂಟ್ ಮೂರು.
ನಾಲ್ಕಾದಾಗ ನನ್ನದೇ ಉಸಿರು ನಿಂತಿತು.
ಮತ್ತೆ ಮೂರು.
ಹಿಂದಿನಿಂದ ಯಾರೋ ಎಂಬತ್ತೆಂಟು ಅಂದರು.
ಸಿಸ್ಟರ್ ಶಿಲುಬೆ ಎಳೆದುಕೊಂಡರು.
ನಾನು ತಿರುಗಿ ನೋಡಲಿಲ್ಲ;
ತಿರುಗಿದರೆ ಈ ಅಂಕಿಯನ್ನು ಕಾಯುವವರು ಯಾರು?

ಕೊಟ್ಟದ್ದನ್ನು ಒಮ್ಮೆಲೇ ಕಿತ್ತುಕೊಳ್ಳುವಂತಿಲ್ಲ,
ನಾಳಗಳು ಮುನಿದು ಮೊದಲಿಗಿಂತ ಬಿಗಿಯಾದಾವು.
ಇಪ್ಪತ್ತರಿಂದ ಹತ್ತು, ಹತ್ತರಿಂದ ಐದು
ಸಲೀಸಾಗಿ ಇಳಿದದ್ದು
ಒಂದರ ಹತ್ತಿರ ಹಟ ಹಿಡಿದಿದೆ.
ಇವತ್ತು ಮೂರನೆಯ ಹಗಲು. ಇನ್ನೂ ಒಂದರಲ್ಲೇ ಇದ್ದೇವೆ.

ತುಟಿ ಈಗ ಯಾವ ಬಣ್ಣವೆಂದು ಸಿಸ್ಟರನ್ನೇ ಕೇಳಿ.
ನನ್ನ ಪುಸ್ತಕದಲ್ಲಿ ಇಷ್ಟೇ ಇದೆ:
ಪ್ಲಗ್ ಸರಿಯಿದೆ.
ಸುಣ್ಣ ಅರ್ಧ ಮುಗಿದಿದೆ.
ಬೆಳಿಗ್ಗೆ ಆರಕ್ಕೆ ಬದಲಿಸಬೇಕು.