ದಾಸ್ತಾನ ಖೋಲಿ

ಶಹಾಬಜಾರದ ಓಣಿಯೊಳಗ, ಹಿಟ್ಟಿನ ಗಿರಣಿ ಮಗ್ಗಲಿಗೆ
ಒಂದು ಖೋಲಿ. ಬಾಡಿಗಿ ಇಲ್ಲ, ಕಿಟಕಿನೂ ಇಲ್ಲ.
ಮಂದಿ ಅಂಗಡಿಯೊಳಗ ಮಾರದ ಉಳಿದದ್ದು
ಇಲ್ಲಿ ಬಂದು ಕೂಡ್ತದ. ನಾ ಅದರ ಪಹರೆ.

ಚೀಲಕ್ಕ ಕೈ ಹಚ್ಚೂಕ್ಕಿಂತ ಮೊದಲು ಮೂಗು.
ಆಮ್ಯಾಲ ಕಣ್ಣು. ಆಮ್ಯಾಲ ತಾರೀಖು.
ಬಿಸ್ಕೀಟ ಮುರಿದಿದ್ರ ನಡೀತದ,
ಪಾಕೀಟ ಹರಿದಿದ್ರ ಇಲ್ಲ.
ಡಬ್ಬಿ ಉಬ್ಬಿತ್ತಂದ್ರ ಮುಟ್ಟಲೇಬ್ಯಾಡ.
ತೊಗರಿಬ್ಯಾಳಿ ನೆಲದ ಮ್ಯಾಲ ಇಡಬ್ಯಾಡ, ಹಲಗಿ ಹಾಕು;
ಗ್ವಾಡಿಗೂ ಚೀಲಕ್ಕೂ ನಡುವ
ಇಲಿ ಹೋಗೂವಷ್ಟಲ್ಲ,
ಹೋದ ಇಲಿ ಕಾಣೂವಷ್ಟು ಜಾಗಾ ಬಿಡು.
ಫಿನೈಲ್, ಸಾಬೂನು ಆ ಕಡಿ. ಹಿಟ್ಟು ಈ ಕಡಿ.
ಹಳೇದು ಮುಂದ, ಹೊಸಾದು ಹಿಂದ.
ಮೂರು ಸಲ ಹೇಳೀನಿ ಖಾಜಾಬೀಗೆ. ಆಕಿ ನಗತಾಳ:
"ನಮ್ಮ ಮನ್ಯಾಗ ಅತ್ತಿ ಮುಂದ, ನಾ ಹಿಂದ. ಗೊತ್ತದ ಬಿಡ್ರಿ."

ಚಂದ್ರಶಾ ಸಾಹುಕಾರರು ಹೋದ ವಾರ ಗಾಡಿ ತುಂಬ ಕಳಿಸಿದ್ರು.
ಎಣ್ಣಿ ಪಾಕೀಟಿನ ಮ್ಯಾಲ ತಾರೀಖಿನ ಜಾಗಾ
ಯಾರೋ ಥಿನ್ನರ್ ಹಚ್ಚಿ ಒರಸ್ಯಾರ.
"ಬಡವರಿಗೆ ನಡೀತದ, ತಗೋಳವ್ವಾ" ಅಂದ್ರು ಫೋನಿನ್ಯಾಗ.
ಬಡವರ ಹೊಟ್ಟಿಗೆ ಬ್ಯಾರೆ ತಾರೀಖು ಇರತದೇನ್ರಿ, ಅಂದೆ.
ಗಾಡಿ ಹೊಳ್ಳಿ ಹೋತು. ಹೋಗೂ ಬಾಡಿಗಿ ನಾನೇ ಕೊಟ್ಟೆ.

ಅದು ಹಗುರ ಕೆಲಸ.

ನಿನ್ನೆ, ನಲವತ್ನಾಲ್ಕು ಡಿಗ್ರಿ ಬಿಸಲು.
ರಾತ್ರಿ ಕರೆಂಟ್ ಎಷ್ಟೊತ್ತಿಗೆ ಹೋತೋ ಯಾರಿಗೂ ಗೊತ್ತಿಲ್ಲ.
ಫ್ರಿಜ್ಜಿನ ಬಾಗಲಾ ತಗದ್ರ ತಂಪಿಲ್ಲ, ಬಿಸಿನೂ ಇಲ್ಲ.
ಮೂವತ್ತೆಂಟು ಪಾಕೀಟು ಹಾಲು.
ವಾಸನಿ ಇರಲಿಲ್ಲ. ಅದೇ ತ್ರಾಸು.
ಒಂದು ಗುಟುಕು ನೋಡೂಣೇನು, ಅಂದಳು ಖಾಜಾಬೀ.
ರುಚಿ ನೋಡಬಾರದು. ಸಂಶಯ ಬಂದ್ರ ಚೆಲ್ಲೂದು.
ಗ್ವಾಡಿಗೆ ನಾನೇ ಬರದು ಹಚ್ಚೀನಿ, ದೊಡ್ಡ ಅಕ್ಷರದಾಗ.

ಹೊರಗ ಪಾಳಿ ನಿಂತಿತ್ತು.
ಗಟಾರದ ದಂಡಿಗೆ ಕುಂತು ಒಂದೊಂದೇ ಕತ್ತರಿಸಿ ಸುರುವಿದೆ.
ಓಣಿ ತಿರುವಿನ ತನಕ ಬೆಳ್ಳಗ ಹರೀತು.
ಜಗದೇವಿ, ಬಗಲಾಗ ಕೂಸು, ನೋಡಕೋತ ನಿಂತಿದ್ದಳು.
"ಕಾಸಿ ಕುಡಸ್ತಿದ್ದೆ ಯವ್ವಾ" ಅಂದಳು.
ಬೈಲಿಲ್ಲ. ಅಷ್ಟ ಅಂದಳು.
ಕಾಸಿದ್ರೂ ಸಾಯದ ವಿಷ ಇರತದ ಅಂತ
ತರಬೇತಿಯೊಳಗ ಕಲಿಸ್ಯಾರ;
ಆ ಕೂಸಿನ ಮುಂದ ಅದು ನನ್ನ ಬಾಯಿಗೆ ಬರಲಿಲ್ಲ.

ಕೈ ತೊಳಕೊಂಡೆ. ಮತ್ತ ತೊಳಕೊಂಡೆ.
ವಹಿಯೊಳಗ ಬರದೆ: ಹಾಲು, ಮೂವತ್ತೆಂಟು.
ಕಾರಣ: ಹೊತ್ತು ಗೊತ್ತಿಲ್ಲ.

ಆಕಿ ಪಾಳಿ ಬಂದಾಗ ಎರಡು ಕಿಲೋ ಬ್ಯಾಳಿ ತೂಗಿದೆ,
ಮ್ಯಾಲ ಒಂದು ಬೊಗಸಿ.
ಚೀಲದ ಬಾಯಿ ಕಟ್ಟೂ ಮುಂದ ರೂಢಿಯಂಗ ಮೂಸಿದೆ.
ಆಕಿನೂ ಬಗ್ಗಿ ಮೂಸಿದಳು,
ಬ್ಯಾಳಿ ಅಲ್ಲ, ನನ್ನ ಕೈ ಮೂಸಿದ್ಹಂಗ.