ಗಾದೆಯ ಬೆಕ್ಕು

ಕೆಲಸವಿಲ್ಲದ ಕ್ಷೌರಿಕ
ಬೆಕ್ಕಿನ ತಲೆ ಬೋಳಿಸಿದನಂತೆ.
ಇಂಡಿಯ ಶಾಲೆಯಲ್ಲಿ ಮಾಸ್ತರರು ಗಾದೆ ಬರೆಸಿ
ಮೂರನೇ ಸಾಲಿನಲ್ಲಿ ಕೂತ ನನ್ನ ಕಡೆ ನೋಡಿದ್ದರು.
ಇಡೀ ತರಗತಿ ನಕ್ಕಿತ್ತು, ನಾನೂ ನಕ್ಕಿದ್ದೆ.

ಆ ಬೆಕ್ಕು ಈಗ ನನ್ನ ತೊಡೆಯ ಮೇಲಿದೆ.

ಪುಣೆಯ ಕ್ಯಾಂಪು, ಮೂರನೇ ಮಹಡಿ,
ಖೋರ್ಷೆದ್‌ಬಾಯಿಯ ಕಟ್ಟಿಗೆಯ ಗ್ಯಾಲರಿ.
ಕೆನೆಬಣ್ಣದ ಪರ್ಷಿಯನ್, ಹೆಸರು ಕಸ್ಟರ್ಡ್.
ಒಂದು ಸಲಕ್ಕೆ ಆರುನೂರು.
ಬೋಳಿಸಲು ಅಲ್ಲ,
ಬೋಳಿಸದೆ ಉಳಿಸಲು.

ಕೆಲಸ ಇರಲಿಲ್ಲ ಅನ್ನುವುದು ಮಾತ್ರ ನಿಜ.
ಎದುರಿಗೆ ಗಾಜಿನ ಬಾಗಿಲಿನ ಸಲೂನು ಬಂದಿತ್ತು,
ನನ್ನ ಕುರ್ಚಿಯಲ್ಲಿ ನಾನೇ ಕೂತು ಪೇಪರು ಓದುತ್ತಿದ್ದೆ.
ಆ ಶ್ರಾವಣದಲ್ಲಿ ತರಕಾರಿ ಬುಟ್ಟಿ ಹಿಡಿದು ಬಂದಳು ಮುದುಕಿ:
‘ಡಾಕ್ಟರು ಮಂಪರು ಕೊಟ್ಟು ಪೂರಾ ಬೋಳಿಸಬೇಕು ಅಂತಾರೆ.
ನೀನು ಸಿಕ್ಕು ಬಿಡಿಸುತ್ತೀಯಾ?’
ತಲೆ ಮಾತ್ರ ಬಾಯಿ, ಅಂದೆ.
‘ಇದಕ್ಕೂ ತಲೆ ಇದೆ’ ಅಂದಳು.

ಶರಣೂ, ಹಿಂಗಾಲು ಹಿಡಿ, ಬಿಗಿಯಾಗಿ ಅಲ್ಲ,
ಮದುವೆಯಲ್ಲಿ ಹೊಸ ಬೀಗರ ಕೈ ಹಿಡಿದ ಹಾಗೆ.
ಮೊದಲು ಅಗಲ ಹಲ್ಲಿನ ಬಾಚಣಿಗೆ.
ಬೇರಿನಿಂದ ಎಳೆಯಬೇಡ, ತುದಿಯಿಂದ ಬಾ,
ಸಾಲಗಾರನ ಮನೆಗೆ ಹೋದ ಹಾಗೆ, ಸುತ್ತಿ ಬಳಸಿ.
ಗಂಟಿರುವಾಗ ನೀರು ಸೋಕಿಸಬೇಡ,
ಒದ್ದೆಯಾದ ಗಂಟು ಕಂಬಳಿಯಾಗುತ್ತದೆ.
ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸು, ಬೆರಳಲ್ಲಿ ಬಿಡಿಸು,
ಬುಡವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿ,
ಎಳೆತ ನಿನ್ನ ಬೆರಳಿಗೆ ತಟ್ಟಲಿ, ಅದರ ಚರ್ಮಕ್ಕೆ ಬೇಡ.
ಚರ್ಮ ಅಂದರೆ ಈರುಳ್ಳಿಯ ಪೊರೆ.
ಬಾಲ ಬಡಿಯಿತೋ, ಕೈ ಮೇಲೆತ್ತು.
ನಮ್ಮ ಗಿರಾಕಿಗಳು ಇಷ್ಟು ಮುಂಚೆ ಹೇಳುವುದಿಲ್ಲ.

ಕಿವಿಯ ಹಿಂದೆ. ತೊಡೆಸಂದಿ. ಹೊಟ್ಟೆ.
ಯಾರೂ ನೋಡದ ಕಡೆಯೇ ಸಿಕ್ಕು.

ಇನ್ನೊಂದು, ಇಲ್ಲಿ ಕನ್ನಡಿ ಇಲ್ಲ.
ಮೂವತ್ತು ವರ್ಷ ನಾನು ಗಲ್ಲ ಹಿಡಿದ ಗಂಡಸರು
ತಮ್ಮನ್ನೇ ನೋಡಿಕೊಂಡರು.
ಇದು ನನ್ನನ್ನು ನೋಡುತ್ತದೆ,
ತಾಮ್ರದ ಕಣ್ಣು, ರೆಪ್ಪೆ ಬಡಿಯದೆ,
ಕತ್ತರಿ ಎಲ್ಲಿದೆ ಎಂದು.

ಊರಲ್ಲಿ ಬೆಳಗ್ಗೆ ಬೆಕ್ಕು ಅಡ್ಡ ಬಂದರೆ ಜನ ನಿಲ್ಲುತ್ತಿದ್ದರು.
ಪೆಟ್ಟಿಗೆ ಹಿಡಿದ ಅಪ್ಪ ಎದುರಾದರೂ ನಿಲ್ಲುತ್ತಿದ್ದರು,
ಮನೆಗೆ ಮರಳಿ, ಒಂದು ಗುಟುಕು ನೀರು ಕುಡಿದು
ಮತ್ತೆ ಹೊರಡುತ್ತಿದ್ದರು.
ಈಗ ಎದುರುಬದುರು ಕೂತಿದ್ದೇವೆ ಇಬ್ಬರೂ.
ಯಾರ ಶಕುನ ಯಾರಿಗೆ ತಟ್ಟೀತು?

ಕಂಕುಳಲ್ಲಿ ಒಂದು ಗಂಟು ಮಾತ್ರ ಮಣಿಯಲಿಲ್ಲ.
ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ತೂರಿಸಿ
ಉಸಿರು ಹಿಡಿದು ಕತ್ತರಿಸಿದೆ.
ರೂಪಾಯಿಯಗಲ ಬೋಳು, ಗುಲಾಬಿ.
ಮಾಸ್ತರರೇ, ಅಷ್ಟು ನಿಮ್ಮ ಪಾಲಿಗೆ.

ಬಿಟ್ಟ ಕೂಡಲೇ ಕಸ್ಟರ್ಡ್ ಹಾರಿ
ಗ್ಯಾಲರಿಯ ಮೂಲೆಗೆ ಹೋಗಿ ಕೂತಿತು.
ಒಂದೂವರೆ ತಾಸು ನಾನು ಬಾಚಿದ್ದನ್ನೆಲ್ಲ
ಉಲ್ಟಾ ನೆಕ್ಕತೊಡಗಿತು,
ಎದೆ, ಭುಜ, ಬಾಲ, ನನ್ನ ಕೈ ತಾಗಿದ ಕಡೆಯೆಲ್ಲ.

ಕಂಡಿದ್ದೇನೆ ಇದನ್ನು.
ಅಪ್ಪನ ಕೈ ತಲೆಗೆ ಸೋಕಿದವರು
ಬಾವಿಕಟ್ಟೆಯಲ್ಲಿ ಮೂರು ಕೊಡ ಸುರಿದುಕೊಳ್ಳದೆ
ಹೊಸ್ತಿಲು ದಾಟುತ್ತಿರಲಿಲ್ಲ.

ಶರಣು ನನ್ನ ಮುಖ ನೋಡಿದ.
ನಾನು ಕೂದಲು ಗುಡಿಸುತ್ತಿದ್ದೆ.

ಖೋರ್ಷೆದ್‌ಬಾಯಿ ಹತ್ತಿರ ಹೋಗಿ
ನೆತ್ತಿ ಸವರಿದಳು, ದೀಕ್ರಾ ದೀಕ್ರಾ ಎನ್ನುತ್ತ.
ಕಸ್ಟರ್ಡ್ ಒಂದು ಕ್ಷಣ ಕಾದಿತು,
ಆಮೇಲೆ ಪಂಜ ಒದ್ದೆ ಮಾಡಿಕೊಂಡು
ಅವಳು ಮುಟ್ಟಿದ್ದನ್ನೂ
ಅಷ್ಟೇ ಶ್ರದ್ಧೆಯಿಂದ ತೊಳೆಯಿತು.

ಮುಂದಿನ ವಾರ ಮಂಗಳವಾರ ಬರುತ್ತೇನೆ ಅಂದೆ.
ಮಂಗಳವಾರ ನಮ್ಮೂರಲ್ಲಿ ಯಾರೂ ಕ್ಷೌರ ಮಾಡಿಸರು.
ಇದಕ್ಕೆ ವಾರ ಗೊತ್ತಿಲ್ಲ.