ಕೆರಿಯ ಬಣ್ಣ

ಕಥಿ ಅಂದರೆ ಒಂದು ರೊಟ್ಟಿ ಬೇಯುವಷ್ಟರೊಳಗೆ ಮುಗಿದೀತು:
ರಾಜನ ಮಗಳ ನೆರಳು ಕಳುವಾಗುತ್ತದೆ,
ಕುಂಬಾರರ ಹುಡುಗ ಹುಡುಕಲು ಹೊರಡುತ್ತಾನೆ,
ಕೆರೆಯ ತಳಕ್ಕೆ ರಾಕ್ಷಸ, ರಾಕ್ಷಸನ ಮುಷ್ಟಿಯೊಳಗೆ ನೆರಳು.
ತರುತ್ತಾನೆ. ಲಗ್ನ. ಶುಭಂ.

ಬೆಟಗೇರಿಯ ಟಾಕೀಸಿನಿಂದ ಹೊರಬರುತ್ತ
ಗಣಿತದ ಮಾಸ್ತರರು ಧೋತರ ಝಾಡಿಸಿ ಅಂದರು:
'ಬರೇ ಬಣ್ಣಾರೀ. ಕಥಿ ಏನು, ತೊಟ್ಟಿಲ ಕೂಸಿಗೆ ಹೇಳೂದು.'
ಅವರ ಹಿಂದೆಯೇ ತುಳಜಾಸಾ.
ಮೊಣಕೈತನಕ ನೀಲಿ, ಉಗುರಿನಲ್ಲಿ ಕುಂಕುಮಗೆಂಪು,
ಹಚ್ಚಿದ ಬೀಡಿ ಸೇದುವುದ ಮರೆತು
ಬೆರಳು ಸುಟ್ಟುಕೊಂಡ. ಆಮೇಲೆ ಅಂದ, ನನಗಷ್ಟೇ ಕೇಳುವಂತೆ:
'ಹಾಸು ಸಾದಾ ಇರಬೇಕೋ ತಮ್ಮಾ.
ಹಾಸೂ ಕುಣದರ ಹೊಕ್ಕು ಎಲ್ಲಿ ಕುಣೀಬೇಕು?'

ನಾನಾಗ ಅವನ ಬಣ್ಣದ ಮನೆಯಲ್ಲಿ
ನೂಲಿನ ಲಡಿ ಹಿಂಡುವ ಹುಡುಗ.
ದಿನಕ್ಕೆ ಎರಡೂವರೆ ರೂಪಾಯಿ, ಶನಿವಾರ ಮಿರ್ಚಿ,
ಆ ವಾರ ಮಾತ್ರ ಸಿನಿಮಾ.

ನೆರಳಿಲ್ಲದ ಹುಡುಗಿ ಕೆರೆಗೆ ಕಾಲಿಟ್ಟಳು.
ಒಂದೇ ಉಸಿರಿನಷ್ಟು ಹೊತ್ತು.
ಕರೆಂಟು ಹೋಯಿತು.
ಸೀಟಿ, ಬೈಗುಳ, ಶೇಂಗಾ ಸಿಪ್ಪಿಯ ಮಳೆ.
ಕರೆಂಟು ಬಂದಾಗ ಅವಳು ದಂಡೆಯಲ್ಲಿ ಕೂದಲು ಹಿಂಡುತ್ತಿದ್ದಳು.
ನಡುವಿನ ತುಂಡನ್ನು ಮಷೀನು ತಿಂದಿತ್ತು.

ಮರುವಾರ ರೀಲಿನ ಡಬ್ಬಿಗಳು ರೋಣಕ್ಕೆ ಹೋದವು.
ತುಳಜಾಸಾನೂ ಹೋದ, ಕೆಂಪು ಬಸ್ಸಿನಲ್ಲಿ, ಕೆಲಸ ಬಿಟ್ಟು.
ಅಲ್ಲಿಯೂ ಅವಳು ಕಾಲಿಟ್ಟಳು,
ಕಾಲಿಟ್ಟವಳೇ ದಂಡೆಯಲ್ಲಿದ್ದಳು.

ಆಮೇಲೆ ಹಂಡೆ ಉರಿಯಿತು ಹದಿನಾಲ್ಕು ರಾತ್ರಿ.
ಬದನಿ ಹೂವು ಅಲ್ಲ, ನೇರಳೆ ಕಲೆ ಅಲ್ಲ,
ಉಳ್ಳಾಗಡ್ಡಿ ಸಿಪ್ಪಿಯ ಒಳಮೈ
ಹತ್ತಿರ ಬಂತು, ಒಣಗಿದ ಮೇಲೆ ದೂರ ಸರಿಯಿತು.
ಲಡಿ ಎತ್ತಿ, ಕಂದೀಲಿಗೆ ಹಿಡಿದು ಕೇಳುವನು:
'ನೀನೂ ನೋಡೀಯಲ್ಲಾ. ಹಿಂಗಿತ್ತೇನೋ?'

ನಾನು ನೋಡಿರಲಿಲ್ಲ.
ಆ ಉಸಿರಿನ ಹೊತ್ತಿಗೆ ಸರಿಯಾಗಿ
ಕುರ್ಚಿಯ ಕೆಳಗೆ ಉರುಳಿದ ಎಂಟಾಣೆ ಹುಡುಕುತ್ತಿದ್ದೆ.
ಹೇಳಬಹುದಿತ್ತು. ಆದರೆ ಆ ಮುಖ,
ಹಬೆಯಲ್ಲಿ ಬೆಂದ ಆ ಮುಖ ನೋಡಿ ಅಂದೆ:
'ಇನ್ನ ಸ್ವಲ್ಪ ಗುಲಾಬಿ, ಕಾಕಾ.'
ಅವನು ಚಿಟಿಕೆ ಹಾಕಿದ.
ಹದಿನೈದನೆಯ ರಾತ್ರಿ 'ಇದೇ' ಅಂದ.
ಕೂತು ಅತ್ತ, ಅಥವಾ ಹೊಗೆಯಿತ್ತು.

ಸೇಠಜಿ ಸೀರೆ ತಿರುವಿ ಹಾಕಿದರು:
'ಗಿಣಿಹಸಿರು ಅಂದರ ಗಿರಾಕಿಗೆ ತಿಳೀತದ.
ಹೆಸರಿಲ್ಲದ ಬಣ್ಣಾನ ಪಟ್ಟಿಯೊಳಗ ಏನಂತ ಬರೀಲಿ?'
ಪಗಾರದಲ್ಲಿ ನೂಲಿನ ದುಡ್ಡು ಮುರಿದರು.
ಅನಸೂಯಾಬಾಯಿ ಆ ಸೀರೆಯುಟ್ಟು
ಪಂಚಮಿಯ ಜೋಕಾಲಿ ಜೀಕಿದಳು.
ಓಣಿಯ ಹೆಂಗಸರು ಕೇಳಿದರೆ 'ಕೆರಿ' ಅಂದಳು,
ಅಷ್ಟೇ. ಯಾವ ಕೆರಿ ಅನ್ನಲಿಲ್ಲ.

ಮೊನ್ನೆ ಸಿಕ್ಕಿತು ಆ ಸಿನಿಮಾ, ಮೊಬೈಲಿನಲ್ಲಿ,
ತೊಳೆದು, ಒರೆಸಿ, ಹೊಸದು ಮಾಡಿದ್ದು.
ಅವಳು ಕಾಲಿಟ್ಟಳು. ಕರೆಂಟು ಹೋಗಲಿಲ್ಲ.
ಕೆರೆ ನೀಲಿ.
ಸ್ಕೂಲು ಯೂನಿಫಾರ್ಮಿನ, ಶಾಯಿಯ, ಯಾರದೂ ಆದ ನೀಲಿ.
ಮಷೀನು ಓಡಿಸುತ್ತಿದ್ದ ದಾವಲಸಾಬರು ಅಂದರು:
'ಹಳೇ ಪ್ರಿಂಟು ಮಾಸತಿತ್ರೀ. ನೀಲಿ ಮೊದಲು ಸಾಯತಿತ್ತು,
ಕೆಂಪು ಗಟ್ಟಿ.'

ಹಾಗಾದರೆ ತುಳಜಾಸಾ ಕಂಡದ್ದು ನೀಲಿಯ ಸಾವು,
ಅದಕ್ಕೆ ನನ್ನ ಸುಳ್ಳಿನ ಒಂದು ಚಿಟಿಕೆ.

ನಿನ್ನೆ ಹೋಗಿದ್ದೆ. ಕಣ್ಣಿಗೆ ಪೊರೆ, ಕೈ ಈಗ ಬೆಳ್ಳಗೆ,
ಕೈಯೇ ಅವನದಲ್ಲ ಅನ್ನಿಸುವಷ್ಟು.
ಸೀರೆ ಕೌದಿಯಾಗಿ ಅವನ ಕಾಲ ಮೇಲಿತ್ತು.
'ಆ ಸಿನಿಮಾ ಮೊಬೈಲನ್ಯಾಗ ಬರತದಂತಲ್ಲೋ?'
ಜೇಬಿನಲ್ಲಿ ಕೈಯಿಟ್ಟೆ. 'ನೆಟ್ವರ್ಕ್ ಇಲ್ಲ, ಕಾಕಾ.'
ಸ್ವಲ್ಪ ಹೊತ್ತು ಕೌದಿಯ ಅಂಚು ಸವರಿದ.
'ಗುಲಾಬಿ ಹೆಚ್ಚಾತೇನೋ ಆವತ್ತ?'

'ಇಲ್ಲ,' ಅಂದೆ. 'ಹಿಂಗ ಇತ್ತು.'